ಮೂರು ವರ್ಷದ ಅತ್ತೆ

“ಅತ್ತೆಮ್ಮಾ, ಮೇಕೆ ಬಾಲ ಬಿಡ್ರಿ, ಒದೀತೈತೆ!”

ನಮ್ಮೂರು ತಳಕಿನಲ್ಲಿ ಪಕ್ಕದ ಮನೆಯ ಲಕ್ಷ್ಮಕ್ಕ ಹೀಗೆ ಕೂಗಿದಾಗ, ನನ್ನ ಜೊತೆ ಬಂದಿದ್ದ ಸಹೋದ್ಯೋಗಿ ಕ್ಲೇರ್ ಅತ್ತೆಯನ್ನು ಹುಡುಕುತ್ತಾ ಸುತ್ತ ನೋಡಿದಳು. ಅಂಗಳದಲ್ಲಿದ್ದದ್ದು ಲಕ್ಷ್ಮಕ್ಕನ ಮೂರು ವರ್ಷದ ಮಗಳು ಮಾತ್ರ.

ತೀರಿಹೋದ ಅತ್ತೆ ಬೋರಮ್ಮನ ಹೆಸರನ್ನೇ ಮಗುವಿಗೆ ಇಟ್ಟಿದ್ದಾರೆ, ಸೊಸೆ ಆ ಹೆಸರು ಹಿಡಿದು ಕರೆಯುವಂತಿಲ್ಲ, ಹಾಗಾಗಿ ಮಗಳೇ ಅತ್ತೆ ಎಂದು ವಿವರಿಸಿದೆ. ಕ್ಲೇರ್ ಹಣೆ ಚಚ್ಚಿಕೊಂಡಳು. ಅವಳು ಪುದುಚೇರಿಯವಳು. ಫ್ರೆಂಚರ ಕಾಲದಲ್ಲಿ ಹಡಗೇರಿ ಬಂದು ಅಲ್ಲೇ ಉಳಿದ ತನ್ನ ಹಿರಿಯರ ಜಾಡು ಹುಡುಕುತ್ತಿದ್ದಾಳೆ. ಅವರಲ್ಲೂ ಮೊದಲ ಮೊಮ್ಮಗಳಿಗೆ ಅಪ್ಪನ ತಾಯಿಯ ಹೆಸರು. ಒಂದು ತಲೆಮಾರು ಬಿಟ್ಟು ಇನ್ನೊಂದಕ್ಕೆ ಒಬ್ಬಳು ಕ್ಲೇರ್. ಯಾವ ಕ್ಲೇರ್ ಯಾರ ಅಜ್ಜಿ ಎಂಬುದೇ ಬಗೆಹರಿಯದೆ ತಲೆ ಕೆಡಿಸಿಕೊಂಡಿದ್ದಳು.

“ಮತ್ತೆ ಮಗು ತಪ್ಪು ಮಾಡಿದರೆ ಬೈಯೋದು ಹೇಗೆ?” ಎಂದು ನನ್ನಿಂದ ಕೇಳಿಸಿದಳು.

ಲಕ್ಷ್ಮಕ್ಕ ಮಗುವಿನ ರಟ್ಟೆ ಹಿಡಿದು ಎಳೆದುಕೊಂಡು, ಸೆರಗಿನಿಂದ ಮೂಗು ಒರೆಸುತ್ತಾ ನಕ್ಕಳು. “ಅತ್ತೆ ಇದ್ದಾಗ ಒಂದ್ ಮಾತೂ ಎದುರಾಡಿಲ್ಲ ಕಣವ್ವ. ಈಗ ದಿನಾ ಬೈತೀನಿ. ಆದ್ರೆ ಮರ್ಯಾದೆ ಕೊಟ್ಟೇ ಬೈತೀನಿ.”

ಇದನ್ನು ನಾನು ಅನುವಾದಿಸಿ ಹೇಳಿದಾಗ ಕ್ಲೇರ್ ನಗಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದಳು. ‘ನಿನಗೂ ಕ್ಲೇರ್ ಅಜ್ಜಿಗೂ ಆಗ್ತಿತ್ತಾ?’ ಎಂದು ತಮಿಳಿನಲ್ಲಿ ಕೇಳಿದ್ದು ನನಗೂ ಅರ್ಥವಾಯಿತು. ಆ ಕಡೆಯ ನಗು ಅಂಗಳಕ್ಕೆಲ್ಲ ಕೇಳಿಸಿತು.

ನನ್ನ ಹೆಸರೂ ಅಪ್ಪನ ಅವ್ವನದೇ. ಚಿಕ್ಕಂದಿನಲ್ಲಿ ನನ್ನ ತಲೆ ಬಾಚುವಾಗ ನಮ್ಮವ್ವ ಯಾಕೆ ಅಷ್ಟು ಜೋರಾಗಿ ಜಗ್ಗುತ್ತಿದ್ದಳು ಎಂಬುದು ಅವತ್ತು ತಿಳಿಯಿತು.