ಅತ್ತೆಯ ಹೂಂ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಕತೆ ಹೇಳುವಾಗ ನಾವು ಹೂಂಗುಟ್ಟುತ್ತಲೇ ಇರಬೇಕಿತ್ತು. ಗಡಿಯಾಚೆ ತಮಿಳು ಸೀಮೆಯಲ್ಲಿ, ಬೇರಿಕೆ ಊರಿನ ಹತ್ತಿರದ ಅವಳ ತೋಟದಲ್ಲಿ ಬೆಳಗ್ಗೆ ರೋಜಾ ಕೊಯ್ಯುತ್ತ ಕತೆ ಶುರುಮಾಡುವಳು. ಹೂಂ ಕೇಳಿಸದಿದ್ದರೆ "ಎಲ್ಲಿಗ್ ಹೋಗ್ಬುಟ್ಟೆಲಾ?" ಎಂದು ಅಲ್ಲಿಗೇ ನಿಲ್ಲಿಸುವಳು. ಹೂಂ ಅಂದರೆ ಕಿವಿ ಇಲ್ಲೇ ಇದೆ ಎಂದರ್ಥ, ಅಷ್ಟೇ. ರಾಜ ರಾಣಿಯನ್ನು ಕಾಡಿಗಟ್ಟಿದ ಎಂದಾಗಲೂ ನಾವು ಹೂಂ ಎನ್ನುತ್ತಿದ್ದೆವು, ಅಟ್ಟಿದ್ದು ಸರಿ ಅಂತೇನೂ ಅಲ್ಲ.

ಕೆಲವು ವರ್ಷಗಳ ಹಿಂದೆ ಅವಳ ಬೇಲಿಯಾಚೆ ಬಾಟ್ಲಿ ನೀರಿನ ಕಂಪನಿ ಬಂತು. ಕಾಂಪೌಂಡಿನ ಉದ್ದಕ್ಕೂ ಹನಿ ನೀರನ್ನೂ ಉಳಿಸಿ ಎಂದು ತಮಿಳಿನಲ್ಲಿ ಬರೆಸಿ, ಪಕ್ಕದಲ್ಲಿ ಕಣ್ಣು ಬಾಯಿ ಇರುವ, ನಗುವ ಒಂದು ಹನಿಯ ಚಿತ್ರ ಬಿಡಿಸಿದರು. ಅದೇ ಗೇಟಿನಿಂದ ದಿನವಿಡೀ ನೀರು ತುಂಬಿದ ಲಾರಿಗಳು ಹೊರಡುತ್ತಿದ್ದವು. ಅತ್ತೆ ಆ ಹನಿಯನ್ನು ಕಂಡಾಗಲೆಲ್ಲ "ಹೆಂಗ್ ನಗ್ತಾನೆ ನೋಡು ಕಳ್ಳ" ಎಂದು ಬಯ್ಯುತ್ತಿದ್ದಳು.

ಹೋದ ವರ್ಷ ಕಂಪನಿಯ ಬೋರಿನಲ್ಲಿ ನೀರು ಇಳಿಯಿತು. ಅದಕ್ಕೆ ಅವರು ಒಂದು ಉಪಾಯ ಹುಡುಕಿದರು. ಬೋರಿನೊಳಕ್ಕೆ ಭಾರೀ ಒತ್ತಡದಲ್ಲಿ ನೀರು ನುಗ್ಗಿಸಿ ತಳದ ಬಂಡೆಯ ಬಿರುಕುಗಳನ್ನು ಅಗಲಿಸಿದರೆ ಸುತ್ತಲಿನ ನೀರು ಅಲ್ಲಿಗೆ ಹರಿದು ಬರುತ್ತದಂತೆ. ಸುತ್ತಲಿನ ನೀರು ಎಂದರೆ ಅತ್ತೆಯ ಬೋರಿನ ನೀರು. ಅದು ಬತ್ತಿದರೆ ರೋಜಾ ತೋಟವೂ ಮುಗಿದ ಹಾಗೆ. ಪಕ್ಕದ ಜಮೀನಿನವರೆಲ್ಲ ಒಪ್ಪಿದರೆ ಮಾತ್ರ ಈ ಕೆಲಸ ಎಂದು ಪಂಚಾಯ್ತಿಯವರು ಹೇಳಿದ್ದರು. ಟೀ ಅಂಗಡಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರು ಭಾಷೆಯಲ್ಲೂ ಇದೇ ಜಗಳ. ಕಂಪನಿ ಬೆಳೆದರೆ ಮಕ್ಕಳಿಗೆ ಕೆಲಸ ಸಿಗುತ್ತೆ ಎನ್ನುವವರು ಕೆಲವರು, ನೀರೇ ಇಲ್ಲದ ಊರಲ್ಲಿ ಕೆಲಸ ಯಾರಿಗೆ ಎನ್ನುವವರು ಕೆಲವರು.

ಒಂದು ದಿನ ನಾನು ಅತ್ತೆಯ ಜಗಲಿಯ ಮೇಲಿದ್ದಾಗ ಕಂಪನಿಯ ಹುಡುಗಿಯೊಬ್ಬಳು ಫೈಲು ಮತ್ತು ಒಂದು ಬೇವಿನ ಸಸಿ ಹಿಡಿದು ಬಂದಳು. ಪಾಪ, ಬಿಸಿಲಲ್ಲಿ ನಡೆದು ಬಂದಿದ್ದಳು. ಅತ್ತೆ ಮಜ್ಜಿಗೆ ಕೊಟ್ಟು ಎದುರಿಗೆ ಕೂತಳು. ಹುಡುಗಿ ತಮಿಳಿನಲ್ಲಿ ವಿವರಿಸಿದಳು: ಬಿರುಕು ಕೂದಲೆಳೆಯಷ್ಟು ಸಣ್ಣದು, ಯಾರ ನೀರಿಗೂ ಕುತ್ತಿಲ್ಲ, ಕಂಪನಿಗೆ ಭೂಮಿಯೇ ತಾಯಿ. ಒಂದೊಂದು ಮಾತಿಗೂ ಅತ್ತೆ ಹೂಂ ಎಂದಳು. ಕೊನೆಗೆ ಹುಡುಗಿ ನನ್ನತ್ತ ತಿರುಗಿ, ಅಮ್ಮನಿಗೆ ಸರಿ ತಾನೇ ಎಂದು ಕೇಳಿದಳು. ನಾನು ಫೋನಿನಿಂದ ತಲೆ ಎತ್ತದೆ ಸರಿ ಸರಿ ಎಂದುಬಿಟ್ಟೆ. ಅವಳು ಏನೋ ಬರೆದುಕೊಂಡು, ಸಸಿ ಕೊಟ್ಟು ಹೋದಳು.

ಗ್ರಾಮಸಭೆಯಲ್ಲಿ ಪ್ರತಿ ಕುರ್ಚಿಯ ಮೇಲೂ ಕಂಪನಿಯ ಪುಟ್ಟ ನೀರಿನ ಬಾಟ್ಲಿ ಇತ್ತು. ಅಧಿಕಾರಿ ಒಪ್ಪಿದವರ ಪಟ್ಟಿ ಓದಿದರು. ಮೊದಲ ಹೆಸರೇ ಅತ್ತೆಯದು.

ಅತ್ತೆ ಎದ್ದು ನಿಂತಳು. ತಮಿಳಿನಲ್ಲಿ ಶುರುಮಾಡಿ, ಸಿಟ್ಟು ಏರಿದ ಹಾಗೆ ಕನ್ನಡಕ್ಕೆ ಬಂದಳು.

"ನಾನ್ ಒಪ್ಪಿಲ್ಲ ಸಾರ್. ಹೂಂ ಅಂದೆ, ಅಷ್ಟೇಯ. ಮನೆಗ್ ಬಂದೋರು ಮಾತಾಡ್ತಿದ್ರೆ ಗೋಡೆ ಇದ್ದಂಗೆ ಕೂತಿರಕಾಯ್ತದಾ? ಕೇಳಿಸ್ಕೊಂಡ್ರೆ ಕೊಟ್ಬುಟ್ಟಂಗಾ?"

ಕಂಪನಿಯ ಹುಡುಗಿ ಗಾಬರಿಯಾಗಿ, ಅವರ ಅಳಿಯನೇ ಸರಿ ಎಂದರು ಎಂದು ನನ್ನ ಕಡೆ ಕೈ ತೋರಿಸಿದಳು. ಸಭೆಗೆ ಸಭೆಯೇ ನನ್ನತ್ತ ತಿರುಗಿತು. ಮುಖ ಎಲ್ಲಿಟ್ಟುಕೊಳ್ಳಲಿ ಎಂದು ತಿಳಿಯಲಿಲ್ಲ. ಅತ್ತೆಯೂ ನೋಡಿದಳು. ಬಯ್ದಿದ್ದರೇ ವಾಸಿಯಿತ್ತು.

ಆಗ ಕಂಪನಿಯ ಮ್ಯಾನೇಜರು ಕೈಮುಗಿದು ಎದ್ದರು. ನೀರೇ ನಮಗೆ ದೇವರು, ಈ ತಾಯಿಯ ಬೋರಿನಿಂದ ಒಂದು ಹನಿಯೂ ಕಡಿಮೆಯಾಗದ ಹಾಗೆ ನೋಡಿಕೊಳ್ಳುವುದು ನನ್ನ ಹೊಣೆ ಎಂದು ಬಹಳ ಹೊತ್ತು ಹೇಳಿದರು. ಅತ್ತೆ ಅವರ ಮುಖ ನೋಡುತ್ತ ಪೂರ್ತಿ ಕೇಳಿದಳು. ಕೇಳಿ, "ಹೂಂ" ಎಂದಳು.

ಬರೆಯಲು ಹೋದ ಅಧಿಕಾರಿಯ ಪೆನ್ನು ಅಲ್ಲೇ ನಿಂತಿತು. ಅವರು ನನ್ನತ್ತ ನೋಡಿದರು. ನಾನು ಎದ್ದೆ.

"ಕೇಳಿಸ್ಕೊಂಡ್ಳು ಸಾರ್, ಅಷ್ಟೇ. ಒಪ್ಪಿಲ್ಲ."

ಸಭೆ ಗೊಳ್ಳೆಂದು ನಕ್ಕಿತು. ಅಧಿಕಾರಿ ಅತ್ತೆಯ ಹೆಸರಿನ ಮೇಲೆ ಗೀಟು ಎಳೆದರು. ಆ ಕೆಲಸ ಅಲ್ಲಿಗೆ ನಿಂತಿತು. ಗೋಡೆಯ ಮೇಲಿನ ಹನಿ ಇವತ್ತಿಗೂ ನಗುತ್ತಲೇ ಇದೆ. ಬೇವಿನ ಸಸಿಗೆ ಅತ್ತೆ ತನ್ನ ಬೋರಿನ ನೀರನ್ನೇ ಹಾಕುತ್ತಾಳೆ, ಗಿಡ ಏನು ತಪ್ಪು ಮಾಡಿತು ಎನ್ನುತ್ತಾಳೆ.

ಅವತ್ತು ಮನೆಗೆ ನಡೆದು ಬರುವಾಗ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ಇದ್ದಳು. ರೋಜಾ ಸಾಲಿನ ಹತ್ತಿರ ಬಂದಮೇಲೆ, ತಿರುಗಿ ನೋಡದೆಯೇ ಶುರುಮಾಡಿದಳು.

"ಒಂದೂರಲ್ಲಿ ಒಬ್ಬ ದಡ್ಡ ಇದ್ನಂತೆ. ಯಾರ್ ಏನ್ ಕೇಳಿದ್ರೂ ಸರಿ ಸರಿ ಅಂತಿದ್ನಂತೆ."

ನಾನು ಹೂಂ ಎಂದೆ.