ಎಂಟಿಂಚಿನ ವಿಮರ್ಶೆ

ಅಮೆರಿಕದ ದೊಡ್ಡ ಸರೋವರವೊಂದರ ದಡದ ಡುಲೂತ್‌ ಊರಿನಲ್ಲಿ ಅರ್ವಿಡ್ ಕೊಸ್ಕೆಲಾನ ಬರಹವನ್ನು ಯಾರೂ ಮೇಲಿನಿಂದ ಕೆಳಕ್ಕೆ ಓದುತ್ತಿರಲಿಲ್ಲ. ಪತ್ರಿಕೆ ಬಿಡಿಸಿ, ಸಂಗೀತ ವಿಮರ್ಶೆ ಎಲ್ಲಿದೆ ಎಂದು ಹುಡುಕಿ, ನೇರವಾಗಿ ಕೊನೆಯ ಪ್ಯಾರಾಕ್ಕೆ ಇಳಿಯುತ್ತಿದ್ದರು. ಅಲ್ಲಿ ಸಮಾಧಾನವಾದರೆ ಮಾತ್ರ ಮೇಲಕ್ಕೆ ಹತ್ತುವುದು. ಇದಕ್ಕೆ ಅವನೇ ಕಾರಣ. ಕಂಡ ತಪ್ಪುಗಳನ್ನೆಲ್ಲ ಮೊದಲೇ ಹೇಳಿ ಮುಗಿಸಿ, ಒಳ್ಳೆಯದನ್ನು ಕೊನೆಗಿಟ್ಟುಕೊಳ್ಳುವುದು ಆ ಮನುಷ್ಯನ ರೂಢಿ. ಮೊದಲು ಕಷಾಯ, ಆಮೇಲೆ ಬೆಲ್ಲ. ಹೊಗಳಿಕೆಯಿಂದ ಶುರು ಮಾಡಿದವನನ್ನು ಯಾರು ನಂಬುತ್ತಾರೆ ಎಂಬುದು ಅವನ ವಾದ. ಊರಿನ ವಾದ್ಯಗಾರರು ಆ ಕೊನೆಯ ಪ್ಯಾರಾವನ್ನು ಬಾಲ ಎಂದು ಕರೆಯುತ್ತಿದ್ದರು. ಕಛೇರಿಯ ಮರುದಿನ ಒಬ್ಬರಿಗೊಬ್ಬರು ಫೋನು ಮಾಡಿ, ಬಾಲ ಹೇಗಿದೆ ಎಂದು ವಿಚಾರಿಸುತ್ತಿದ್ದರು. ಬಾಲದಲ್ಲೂ ಬೈದಿದ್ದಾನೆ ಎಂದರೆ ಮುಗಿಯಿತು, ಬೈಸಿಕೊಂಡವರು ವಾರಗಟ್ಟಲೆ ಯಾರಿಗೂ ಮುಖ ತೋರಿಸುತ್ತಿರಲಿಲ್ಲ.

ಇನ್ನೊಂದು ಮೊಂಡುತನವೂ ಇತ್ತು. ನುಡಿಸುವವರ ಮನೆಯಲ್ಲಿ ಅವನು ಕಾಫಿ ಕುಡಿಯುತ್ತಿರಲಿಲ್ಲ. ನಮ್ಮಂಥ ಫಿನ್‌ಲೆಂಡಿನ ಮೂಲದವರ ಊರಿನಲ್ಲಿ ಇದೇನು ಸಣ್ಣ ಮಾತೇ? ಇಲ್ಲಿ ಬಾಗಿಲಿಗೆ ಬಂದ ಅಂಚೆಯವನನ್ನೂ ಕಾಫಿ ಕುಡಿಸದೆ ಕಳಿಸುವುದಿಲ್ಲ. ಆದರೆ ಅವರ ಮನೆಯ ಕಾಫಿ ಹೊಟ್ಟೆಗಿಳಿದರೆ ಅವರ ಅಪಸ್ವರ ಕಿವಿಗೆ ಬೀಳುವುದಿಲ್ಲ ಎಂದು ಅವನು ನಂಬಿದ್ದ. ಹೆಂಡತಿ ಸತ್ತ ಮೇಲೂ ಹಾಗೇ ಇದ್ದ. ಬಂದರಿನ ಹತ್ತಿರದ ಹೋಟೆಲಿನ ಮೂಲೆಯಲ್ಲಿ ಒಬ್ಬನೇ ಕೂತು ಹೊಗೆಯಾಡಿಸಿದ ಮೀನು, ಕರಿ ರೊಟ್ಟಿ ತಿಂದು ಮನೆಗೆ ಹೋಗುತ್ತಿದ್ದ. ಜಂಬದವನು ಎಂದವರೂ ಇದ್ದರು. ಜಂಬವಲ್ಲ, ಪಾಪ, ಭಯ. ಒಂದು ಸಾರಿ ದಾಕ್ಷಿಣ್ಯಕ್ಕೆ ಬಿದ್ದರೆ ಮೇಲೇಳಲಾರೆ ಎಂಬ ಭಯ.

ಹೊಸ ಸಂಪಾದಕ ಗ್ಲೆನ್ ಸ್ಟ್ರೋಮ್ ಬಂದ ಚಳಿಗಾಲದಲ್ಲೇ ತಕರಾರು ಶುರುವಾಯಿತು. ಹುಡುಗು ಪ್ರಾಯದವನು, ಕೆಟ್ಟವನೇನಲ್ಲ. ಕಾಗದದ ಬೆಲೆ ಏರಿದೆ, ಪುಟ ಕಡಿಮೆಯಾಗಿದೆ, ಇನ್ನು ಮೇಲೆ ಸಂಗೀತ ವಿಮರ್ಶೆಗೆ ಕಾಲಮ್ಮಿನಲ್ಲಿ ಎಂಟು ಇಂಚು ಮಾತ್ರ ಎಂದು ಅಪ್ಪಣೆ ಮಾಡಿದ. ಅಲ್ಲಿಯವರೆಗೆ ಅರ್ವಿಡ್ ಹದಿನಾಲ್ಕು, ಹದಿನೈದು ಇಂಚು ಬರೆದುಕೊಂಡು ಬಂದವನು. ಕೆಂಡವಾದ. ಹಾಕಿ ಪಂದ್ಯಕ್ಕೆ ಅರ್ಧ ಪುಟ ಬಿಟ್ಟುಕೊಡುವವರಿಗೆ ಎರಡು ಗಂಟೆಯ ಸಂಗೀತಕ್ಕೆ ಒಂದು ಗೇಣು ಜಾಗವಿಲ್ಲವೇ ಎಂದು ಎಲ್ಲರೆದುರು ಕೂಗಾಡಿದ.

"ಹಾಕೀಲಿ ಯಾರು ಗೆದ್ರು ಅಂತ ಮೊದಲನೇ ಸಾಲಲ್ಲೇ ಗೊತ್ತಾಗುತ್ತೆ, ಅರ್ವಿಡ್" ಎಂದ ಗ್ಲೆನ್. "ನಿಮ್ದರಲ್ಲಿ ಕೊನೇವರೆಗೂ ಕಾಯ್ತಾ ಕೂರ್ಬೇಕು. ನಿಮ್ಮ ಬೆಲ್ಲಾನ ಒಂಚೂರು ಮುಂದಕ್ಕೆ ತನ್ನಿ, ನನಗೇನೂ ತಕರಾರಿಲ್ಲ."

ಅದರಲ್ಲಿ ತಪ್ಪೇನಿತ್ತು, ಹೇಳಿ. ಒಪ್ಪಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಚಳಿಗಾಲವಿಡೀ ಅವನು ಗೊಣಗುತ್ತ, ಬೈಯುತ್ತ ಎಂಟು ಇಂಚಿಗೆ ಕುಗ್ಗಿಸಿದ. ಆದರೂ ಕಷಾಯ ಮೊದಲು, ಬೆಲ್ಲ ಆಮೇಲೆ ಎಂಬ ಕ್ರಮವನ್ನು ಮಾತ್ರ ಬಿಡಲಿಲ್ಲ.

ಲೆಂಪಿ ರೌಟಿಯೊ ಎಂಬಾಕೆ ಶಾಲೆಯ ಅಡುಗೆಮನೆಯ ಮುಖ್ಯಸ್ಥೆ. ಬೆಳಿಗ್ಗೆ ಮಕ್ಕಳಿಗೆ ಸೂಪು ಬೇಯಿಸಿ, ಸಂಜೆ ಊರಿನ ಆರ್ಕೆಸ್ಟ್ರಾದಲ್ಲಿ ಚೆಲ್ಲೊ ಎಂಬ ಆಳೆತ್ತರದ ಪಿಟೀಲನ್ನು ನುಡಿಸುವವಳು. ಹಿಂದಿನ ಸಾಲಿನ ಕುರ್ಚಿ. ಎಪ್ಪತ್ತು ವಾದ್ಯಗಳ ನಡುವೆ ಅವಳದೊಂದು ದನಿ ಯಾರಿಗೆ ಕೇಳಬೇಕು? ಅದಿರಿನ ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವಳು, ಅವಳ ಚೆಲ್ಲೊ, ಇಬ್ಬರೇ. ಅರವತ್ತು ದಾಟಿದಾಗ ಬೆರಳುಗಳ ಗಿಣ್ಣು ಊದಿಕೊಳ್ಳತೊಡಗಿತು. ಆಗ ಅವಳಿಗೆ ಒಂದೇ ಒಂದು ಆಸೆ ಹುಟ್ಟಿತು. ಒಂದು ಸಾರಿ, ಒಬ್ಬಳೇ ಮುಂದೆ ಕೂತು ನುಡಿಸಬೇಕು. ಅದನ್ನು ಕೊಸ್ಕೆಲಾ ಕೇಳಬೇಕು. ಅಡುಗೆಮನೆಯ ಜೊತೆಗಾತಿಯರ ಹತ್ತಿರ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಳು. ಆ ಮನುಷ್ಯ ಯಾರ ಕಾಫಿಯನ್ನೂ ಕುಡಿದವನಲ್ಲ, ಯಾರಿಗೂ ಸುಳ್ಳು ಹೇಳುವವನಲ್ಲ. ಚೆನ್ನಾಗಿದೆ ಎಂದರೆ ಕೈ ನಡೆಯುವವರೆಗೂ ನುಡಿಸುತ್ತೇನೆ, ಮಕ್ಕಳಿಗೂ ಕಲಿಸುತ್ತೇನೆ. ಇಲ್ಲ ಎಂದರೆ ಇಷ್ಟು ವರ್ಷ ನನ್ನನ್ನು ನಾನೇ ನಂಬಿಸಿಕೊಂಡು ಬಂದೆ ಎಂದು ತಿಳಿದು ವಾದ್ಯ ಕೆಳಗಿಡುತ್ತೇನೆ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಲೂಥರನ್ ಚರ್ಚಿನಲ್ಲಿ ಅವಳ ಕಛೇರಿ. ಸರೋವರದಲ್ಲಿ ಇನ್ನೂ ಮಂಜುಗಡ್ಡೆ ತೇಲುತ್ತಿತ್ತು. ಚರ್ಚಿನ ಆರ್ಗನ್ ನುಡಿಸುವಾಕೆ ಪಿಯಾನೋಗೆ ಕೂತಳು. ಅರ್ವಿಡ್ ಎಂದಿನಂತೆ ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ.

ಮೊದಲ ಭಾಗದಲ್ಲಿ ಲೆಂಪಿಯ ಕೈ ನಡುಗಿತು. ಕೊನೆಯ ವೇಗದ ಭಾಗದಲ್ಲಿ ಊದಿದ ಬೆರಳು ಮೇಲಿನ ಸ್ವರಗಳಿಗೆ ಸಮಯಕ್ಕೆ ಸರಿಯಾಗಿ ತಲುಪಲಿಲ್ಲ, ಶ್ರುತಿ ತಪ್ಪಿತು. ಇವೆರಡೂ ನಿಜ. ಆದರೆ ನಡುವಿನ ನಿಧಾನದ ಭಾಗದಲ್ಲಿ ಆದದ್ದೇ ಬೇರೆ. ಕಮಾನು ತಂತಿಯ ಮೇಲೆ ಇದೆಯೋ ಇಲ್ಲವೋ ಎಂಬಷ್ಟು ಹಗುರವಾಗಿ ಅವಳು ನುಡಿಸಿದಳು. ಯಾರನ್ನೂ ಮೆಚ್ಚಿಸುವುದಕ್ಕಲ್ಲ, ಮನೆಯಲ್ಲಿ ಯಾರೂ ಇಲ್ಲದಾಗ ತನ್ನಷ್ಟಕ್ಕೆ ಮಾತಾಡಿಕೊಂಡಂತೆ. ಅರ್ವಿಡ್‌ಗೆ ಸತ್ತ ಹೆಂಡತಿಯ ನೆನಪಾಯಿತು. ಬರೆದುಕೊಳ್ಳುವುದನ್ನು ಬಿಟ್ಟು ಕೈ ಕಟ್ಟಿ ಕೂತ.

ಮನೆಗೆ ಬಂದವನೇ ಟೈಪು ಮಾಡತೊಡಗಿದ. ಎಂಟು ಇಂಚು ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇವತ್ತು ಮಾತ್ರ ಆಗುವುದಿಲ್ಲ ಎಂದು ಹಟ ಹಿಡಿದ. ನಡುಗಿದ ಕೈಯನ್ನು ಬರೆದ, ತಪ್ಪಿದ ಶ್ರುತಿಯನ್ನು ಬರೆದ, ಒಂದನ್ನೂ ಬಿಡಲಿಲ್ಲ. ಆಮೇಲೆ ಬಾಲಕ್ಕೆ ಬಂದು ಬರೆದದ್ದು ಇದು: "ನಮ್ಮೂರಿನ ಸಭಿಕರು ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವುದರೊಳಗೆ ಕೆಮ್ಮದೆ ಇರುವುದಿಲ್ಲ, ಬೇಸಿಗೆಯಲ್ಲೂ ಕೆಮ್ಮುತ್ತಾರೆ. ನಿನ್ನೆ ಶ್ರೀಮತಿ ರೌಟಿಯೊ ನಿಧಾನದ ಭಾಗ ಮುಗಿಸಿ ಕಮಾನು ಎತ್ತಿದಾಗ ಒಬ್ಬರೂ ಕೆಮ್ಮಲಿಲ್ಲ. ಈ ಊರಿನಲ್ಲಿ ನಾನು ಕೇಳಿದ ಸಂಗೀತದಲ್ಲೆಲ್ಲ ಇದಕ್ಕಿಂತ ನಿಜವಾದದ್ದು ಇನ್ನೊಂದಿಲ್ಲ. ಹಿಂದಿನ ಸಾಲಿನಲ್ಲಿ ಇಂಥವರು ಕೂತಿದ್ದಾರೆಂದು ತಿಳಿಯದೆ ಹೋದದ್ದಕ್ಕೆ ನನ್ನ ಕಿವಿ ನಾಚಿಕೆಪಡಬೇಕು." ಇಂಥ ಮಾತನ್ನು ಅವನು ಜೀವಮಾನದಲ್ಲಿ ಯಾರ ಬಗ್ಗೆಯೂ ಬರೆದಿರಲಿಲ್ಲ. ಹದಿನಾಲ್ಕು ಇಂಚು ತುಂಬಿತು. ಇದನ್ನು ಓದಿದ ಮೇಲೆ ಯಾವ ನರಮನುಷ್ಯ ಕತ್ತರಿ ಹಾಕುತ್ತಾನೆ ನೋಡೋಣ ಎಂದುಕೊಂಡು ಆಫೀಸಿಗೆ ಕೊಟ್ಟು ಬಂದ.

ಓದಿದರೆ ತಾನೇ? ಪುಟ ಕಟ್ಟುವವರ ಕೈಯಲ್ಲಿ ಓದುವಷ್ಟು ಪುರುಸೊತ್ತು ಎಲ್ಲಿರುತ್ತದೆ. ಬರಹ ಉದ್ದವಾದರೆ ಕೆಳಗಿನಿಂದ ಕತ್ತರಿಸಬೇಕು ಎಂಬುದು ಪತ್ರಿಕೆಗಳಲ್ಲಿ ಕಾಲದಿಂದ ನಡೆದುಬಂದ ಪದ್ಧತಿ. ಎಲ್ಲ ವರದಿಗಾರರೂ ಮುಖ್ಯವಾದದ್ದನ್ನು ಮೇಲಿಟ್ಟು ಬರೆಯುತ್ತಾರೆ, ಕೆಳಗೆ ಹೋದದ್ದು ಹೋದರೂ ನಷ್ಟವಿಲ್ಲ. ಎಂಟು ಇಂಚು ಅಳೆದರು, ಅಲ್ಲಿಗೆ ನಿಲ್ಲಿಸಿದರು. ಅವರದೇನೂ ತಪ್ಪಿಲ್ಲ.

ಸೋಮವಾರ ಬೆಳಿಗ್ಗೆ ಅರ್ವಿಡ್ ಹೋಟೆಲಿನಲ್ಲಿ ಪತ್ರಿಕೆ ತೆರೆದ. ಅವನ ಕಣ್ಣೂ ಊರಿನವರ ಹಾಗೆ ನೇರ ಕೆಳಕ್ಕಿಳಿಯಿತು. ಕೊನೆಯ ಸಾಲು ಹೀಗಿತ್ತು: "ವೇಗದ ಭಾಗದಲ್ಲಿ ಎಡಗೈ ಸ್ವರಗಳನ್ನು ಹುಡುಕುತ್ತಿತ್ತು; ಬಹಳ ಕಡೆ ಅವು ಸಿಗಲಿಲ್ಲ." ಅಷ್ಟೇ. ಅದರ ಕೆಳಗೆ ಟೈರಿನ ಜಾಹೀರಾತು. ಊರೆಲ್ಲ ಇದನ್ನೇ ಬಾಲ ಎಂದು ಓದಿಕೊಳ್ಳುತ್ತದೆ. ಅವಳೂ.

ಅರ್ವಿಡ್ ನೇರ ಆಫೀಸಿಗೆ ನುಗ್ಗಿದ. ಗ್ಲೆನ್ ಸಿಟ್ಟು ಮಾಡಲಿಲ್ಲ. ಟೈಪಾದ ಹಾಳೆಗಳನ್ನು ತರಿಸಿಕೊಂಡು ಪೂರ್ತಿ ಓದಿದ. ಉಳಿದದ್ದನ್ನು ನಾಳೆ ಹಾಕು, ತಿದ್ದುಪಡಿ ಅಂತಲಾದರೂ ಹಾಕು ಎಂದು ಅರ್ವಿಡ್ ಬೇಡಿಕೊಂಡ. ಅವನು ಬೇಡಿಕೊಂಡದ್ದನ್ನು ಆ ಆಫೀಸಿನಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

"ಅಚ್ಚಾಗಿರೋದ್ರಲ್ಲಿ ಸುಳ್ಳೇನಾದ್ರೂ ಇದ್ಯಾ?" ಎಂದು ಗ್ಲೆನ್ ಮೆಲ್ಲಗೆ ಕೇಳಿದ. "ಇಲ್ಲ ತಾನೆ. ಈಗ ಬರೀ ಹೊಗಳಿಕೆ ಹಾಕಿದ್ರೆ ಊರಿನವರು ಏನಂತಾರೆ? ಆ ಯಮ್ಮ ಬಂದು ಅತ್ತಿರ್ಬೇಕು, ಕೊಸ್ಕೆಲಾ ಕರಗಿರ್ಬೇಕು ಅಂತಾರೆ. ಮುಂಚೇನೇ ಒಂದು ಮಾತು ಹೇಳಿದ್ರೆ ನಾನೇ ಜಾಗ ಮಾಡಿಕೊಡ್ತಿದ್ನಲ್ಲ, ಮಾರಾಯ್ರೇ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಒಂದು ಮಾತು ಕೇಳಿದ್ದರೆ ಸಿಗುತ್ತಿದ್ದ ಆರು ಇಂಚು. ಹಾಳೆಗಳನ್ನು ಕೋಟಿನೊಳಗಿಟ್ಟುಕೊಂಡು, ಶಾಲೆ ಬಿಡುವ ಹೊತ್ತಿಗೆ ಅರ್ವಿಡ್ ಲೆಂಪಿಯ ಮನೆಯ ಬಾಗಿಲು ತಟ್ಟಿದ.

ಅವಳು ಅತ್ತಿರಲಿಲ್ಲ. ಒಳಗೆ ಕರೆದು ಕೂರಿಸಿ, ಏಲಕ್ಕಿ ಹಾಕಿದ ರೊಟ್ಟಿ ಕೊಯ್ದು ಮುಂದಿಟ್ಟು, ಕೇಳದೆಯೇ ಕಾಫಿ ಬಗ್ಗಿಸಿದಳು. ಶಾಲೆಯ ಅಡುಗೆಮನೆಯಲ್ಲಿ ಇವತ್ತು ಯಾರೂ ಪತ್ರಿಕೆಯ ಮಾತೇ ಎತ್ತಲಿಲ್ಲ, ಅಷ್ಟರಲ್ಲೇ ತನಗೆ ಅರ್ಥವಾಯಿತು ಎಂದಳು. ಆರ್ಕೆಸ್ಟ್ರಾದವರಿಗೆ ಫೋನು ಮಾಡಿ ಮುಂದಿನ ವರ್ಷ ಬರುವುದಿಲ್ಲವೆಂದು ಆಗಲೇ ಹೇಳಿ ಮುಗಿಸಿದ್ದಳು. ಅರ್ವಿಡ್ ತಡವರಿಸುತ್ತ ಕತ್ತರಿಯ ಕಥೆ ಹೇಳಿದ. ಹಾಳೆಗಳನ್ನು ಕೊಟ್ಟು, ತನಗರಿವಿಲ್ಲದೆಯೇ ಕಾಫಿಯ ಬಟ್ಟಲೆತ್ತಿ ಕುಡಿಯತೊಡಗಿದ. ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು, ಕೊನೆಯ ಪ್ಯಾರಾವನ್ನು ಇನ್ನೊಮ್ಮೆ ಓದಿದಳು. ಆಮೇಲೆ ಹಾಳೆಗಳನ್ನು ಅಂಚು ಸರಿಮಾಡಿ ಮಡಿಸಿ ಅವನ ಕೈಗೇ ಕೊಟ್ಟಳು.

"ತುಂಬಾ ಚೆನ್ನಾಗಿ ಬರೆದಿದ್ದೀರಿ" ಎಂದಳು. "ಇವತ್ತು ಕೂತು ಟೈಪ್ ಮಾಡಿದ್ರಾ?"

"ಇಲ್ಲ, ನಿನ್ನೆಯೇ. ದೇವರಾಣೆ ನಿನ್ನೆಯೇ ಬರೆದದ್ದು."

"ಅರ್ವಿಡ್ ಅವರೇ, ನೀವು ಯಾವ ವಾದ್ಯಗಾರರ ಮನೇಲೂ ಕಾಫಿ ಕುಡಿದವರಲ್ಲ. ಇವತ್ತು ನಮ್ಮನೇಲಿ ಕೂತು ಕುಡೀತಿದ್ದೀರಿ. ಅಂದ್ರೆ ನಾನು ಎಷ್ಟು ಕೆಟ್ಟದಾಗಿ ನುಡಿಸಿರ್ಬೇಕು ಅಂತ ನನಗೆ ಗೊತ್ತಾಗಲ್ವಾ?" ಅವಳು ನಕ್ಕಳು, ಅವನಿಗೆ ನೋವಾಗಬಾರದೆಂದೇ ನಕ್ಕಳು. "ನೀವು ಒಳ್ಳೆಯವರು. ರೊಟ್ಟಿ ತಗೊಳ್ಳಿ."

ಅವನು ಸಂಪಾದಕನನ್ನು ಕರೆತರುತ್ತೇನೆ ಎಂದ, ಆಣೆ ಪ್ರಮಾಣ ಮಾಡಿದ. ಮಾಡಿದಷ್ಟೂ ಅದು ಕನಿಕರವೆಂಬುದು ಅವಳಿಗೆ ಗಟ್ಟಿಯಾಯಿತು. ಇಡೀ ಜೀವನ ಗಳಿಸಿದ ನಂಬಿಕೆಯೇ ಅವತ್ತು ಅವನಿಗೆ ಎದುರು ಸಾಕ್ಷಿ ಹೇಳಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಆ ಮುದುಕ ಅತ್ತ.

ಬೇಸಿಗೆ ಕಳೆಯುವುದರೊಳಗೆ ಅವಳು ಚೆಲ್ಲೊವನ್ನು ಶಾಲೆಗೆ ಕೊಟ್ಟುಬಿಟ್ಟಳು. ಅವನು ಪತ್ರಿಕೆ ಬಿಟ್ಟ. ಕಾಫಿ ಕುಡಿಯಲು ಅಡ್ಡಿ ಮಾಡುವಂಥದ್ದು ಇನ್ನೇನೂ ಇರಲಿಲ್ಲ. ಗುರುವಾರಗಳಂದು ಅವಳ ಮನೆಗೆ ಹೋಗುತ್ತಿದ್ದ, ಸೊಂಟದವರೆಗೆ ಹಿಮ ಬಿದ್ದಿದ್ದರೂ ಅವಳ ಮನೆಯ ಮುಂದಿನದನ್ನು ತಾನೇ ಸಲಿಕೆಯಿಂದ ಎತ್ತಿ ಹಾಕುತ್ತಿದ್ದ. ಇಸ್ಪೀಟು ಆಡುತ್ತಿದ್ದರು, ಪಾದ್ರಿಯನ್ನು ಆಡಿಕೊಂಡು ನಗುತ್ತಿದ್ದರು. ಒಳ್ಳೆಯ ಸ್ನೇಹವಾಯಿತು ಎಂದು ಊರಿನವರು ಸಂತೋಷಪಟ್ಟರು. ಅವಳ ಸ್ನೇಹ ಸಿಕ್ಕಿತು, ಸಂಗೀತ ಸಿಗಲಿಲ್ಲ. ಶಾಲೆಯಿಂದ ಚೆಲ್ಲೊ ತಂದುಕೊಡಲೇ ಎಂದು ಅವನು ಒಮ್ಮೆ ಕೇಳಿದಾಗ ಅವಳು ಎದ್ದುಹೋಗಿ ಒಲೆಯ ಮುಂದೆ ನಿಂತುಕೊಂಡಳು. ಅವನು ಮತ್ತೆ ಕೇಳಲಿಲ್ಲ.

ವರ್ಷಗಳು ಕಳೆದು ಅವಳು ಆಸ್ಪತ್ರೆ ಸೇರಿದಳು. ಹೃದಯ ಸೋತಿತ್ತು. ಅವನು ದಿನವೂ ಹೋಗಿ ಕೂರುತ್ತಿದ್ದ. ಒಂದು ಮಧ್ಯಾಹ್ನ ಅವಳೇ ಮಾತು ತೆಗೆದಳು.

"ಈಗ ಹೇಳಿ, ಅರ್ವಿಡ್. ಇನ್ನು ನನ್ನ ಸಮಾಧಾನ ಮಾಡೋ ಅಗತ್ಯ ಇಲ್ಲ. ಅವತ್ತು ನಾನು ಹೇಗೆ ನುಡಿಸಿದೆ?"

ಇಷ್ಟು ವರ್ಷವೂ ಅದು ಅವಳೊಳಗೆ ಹಾಗೇ ಇತ್ತು ಎಂದು ತಿಳಿದು ಅವನ ಎದೆ ಒಡೆದುಹೋಯಿತು. ಹೊಗಳಿಕೆಯಿಂದ ಶುರು ಮಾಡಿದರೆ ಮತ್ತೆ ಕನಿಕರವೆಂದುಕೊಳ್ಳುತ್ತಾಳೆ. ಈ ಸಾರಿ ನಂಬಿಸಲೇಬೇಕು. ಆದ್ದರಿಂದ ಮೊದಲ ಭಾಗದಿಂದ ಹಿಡಿದ. ಕೈ ನಡುಗಿತು ಎಂದ. ವೇಗದ ಭಾಗದಲ್ಲಿ ಶ್ರುತಿ ಎಲ್ಲೆಲ್ಲಿ ಜಾರಿತು ಎಂಬುದನ್ನು ಒಂದೂ ಬಿಡದೆ ಹೇಳಿದ. ಅವಳು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು.

"ಹೌದು. ನನಗೂ ಹಾಗೇ ಅನ್ನಿಸಿತ್ತು" ಎಂದಳು.

"ಆದರೆ ಆ ನಿಧಾನದ ಭಾಗ..." ಎಂದು ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

ಔಷಧಿಯ ಜೋರಿಗೆ ಅವಳಿಗೆ ನಿದ್ದೆ ಹತ್ತಿತ್ತು. ಎಬ್ಬಿಸಬೇಡಿ ಎಂದು ನರ್ಸ್ ಕೈಸನ್ನೆ ಮಾಡಿದಳು. ಎದ್ದ ಮೇಲೆ ಹೇಳಿದರಾಯಿತು ಎಂದು ಅವನು ಕಾದು ಕೂತ. ಅವಳು ಏಳಲಿಲ್ಲ.