ಡಾಕ್ಟ್ರಮ್ಮನ ಜೀಪು, ಭೈರೇಶನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿಗೆ ಹೊಗೆ ಇರೋದಿಲ್ಲ ಅಂತಾರೆ. ಕಡೂರಿನ ಮೆಕ್ಯಾನಿಕ್ ಭೈರೇಶನನ್ನು ನೋಡಿದವರು ಹಾಗನ್ನೋದಿಲ್ಲ. ತರೀಕೆರೆ ಅನ್ನುವ ಹೆಸರು ಬಿದ್ದರೆ ಸಾಕು, ಅವನ ಮೂಗಿನ ಹೊಳ್ಳೆ ಅರಳುತ್ತಿತ್ತು, ಕೈಯಲ್ಲಿದ್ದ ಸ್ಪ್ಯಾನರು ಬೇಕೂಂತಲೇ ದಪ್ಪನೆ ನೆಲಕ್ಕೆ ಬೀಳುತ್ತಿತ್ತು. ಹಾಗಂತ ತರೀಕೆರೆಯಲ್ಲಿ ಅವನಿಗೆ ಶತ್ರು ಯಾರೂ ಇರಲಿಲ್ಲ. ಒಡಹುಟ್ಟಿದ ತಂಗಿ ಇದ್ದಳು.

ಎಪಿಎಂಸಿ ಹಿಂದಿನ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಭೈರೇಶನ ಗ್ಯಾರೇಜು. ಬೋರ್ಡು ಗೀರ್ಡು ಇಲ್ಲ, ಬೇಕಾಗಿಯೂ ಇರಲಿಲ್ಲ. ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಸುತ್ತ ಇದ್ದವರು ಕೆಮ್ಮುತ್ತಲೂ ಇರಲಿಲ್ಲ. "ಮೂರನೇ ಸಿಲಿಂಡರು, ಟ್ಯಾಪೆಟ್ ಸಡಿಲ" ಅನ್ನುತ್ತಿದ್ದ. ಬಿಚ್ಚಿದರೆ ಅದೇ. ಯಗಟಿಯಿಂದ ತೆಂಗಿನಕಾಯಿ ಹೇರಿಕೊಂಡು ಬರುವ ಲಗೇಜ್ ಆಟೋದವರು, ಎಮ್ಮೆದೊಡ್ಡಿ ಕಡೆಯ ಟ್ರ್ಯಾಕ್ಟರಿನವರು, ಎಲ್ಲರ ಬಾಯಲ್ಲೂ ಒಂದೇ ಮಾತು: ಭೈರೇಶನ ಕಿವಿ ಅಂದ್ರೆ ಕಿವಿ.

ತಂಗಿ ಪ್ರಜ್ಞಾ ಅವನಿಗಿಂತ ಹದಿಮೂರು ವರ್ಷ ಚಿಕ್ಕವಳು. ಅಪ್ಪ ಇಲ್ಲದ ಮನೆ. ಅವಳ ಕೈಗೆ ಮೊದಲ ಸ್ಪ್ಯಾನರು ಕೊಟ್ಟವನೂ, ಆಟೊಮೊಬೈಲ್ ಡಿಪ್ಲೊಮಾ ಓದಿಸಿದವನೂ ಇವನೇ. ಓದಿ ಶಿವಮೊಗ್ಗದ ಸರ್ವಿಸ್ ಸೆಂಟರಿನಲ್ಲಿ ಆರು ವರ್ಷ ಕೆಲಸ ಮಾಡಿದಳು, ತರೀಕೆರೆಯ ಬಸವರಾಜನನ್ನು ಮದುವೆಯಾದಳು. ಅಲ್ಲಿಯವರೆಗೂ ಭೈರೇಶ ಎದೆ ಉಬ್ಬಿಸಿಕೊಂಡು ಓಡಾಡಿದ. ಆಮೇಲೆ ಅವಳು ಗಂಡನ ಮನೆ ಮುಂದೆ ಶೀಟು ಹಾಕಿಸಿ, ಲ್ಯಾಪ್‌ಟಾಪ್ ಇಟ್ಟುಕೊಂಡು, ತನ್ನದೇ ಗ್ಯಾರೇಜು ತೆರೆದಳು. ಉಬ್ಬಿದ ಎದೆ ಅವತ್ತೇ ಇಳಿಯಿತು.

ಇವನನ್ನು ಬಿಟ್ಟು ಅವಳ ಹತ್ತಿರ ಮೊದಲು ಹೋದದ್ದು ಬೀರೂರಿನ ಎರಡು ಕಾರು. ಆಮೇಲೆ ಕಡೂರಿನದೇ ಒಂದು. ಅಮ್ಮ ಮಾರಮ್ಮ ತಿಂಗಳಿಗೊಮ್ಮೆ ಮಗಳ ಮನೆಗೆ ಹೋಗಿ ಬಂದು ಜಗಲಿ ಮೇಲೆ ಕೂತು ಶುರು ಮಾಡುತ್ತಿದ್ದಳು: "ಅಯ್ಯೋ ಭೈರಾ, ನಿನ್ ತಂಗಿ ಗಾಡಿನ ಮುಟ್ಟೋದೇ ಇಲ್ಲ ಕಣೋ. ಒಂದು ವೈರು ಸಿಗಿಸ್ತಾಳೆ, ಅದೇ ಬರ್ದು ತೋರಿಸ್ತದೆ, ಎಲ್ಲಿ ನೋವು ಅಂತ!"

"ವೈರು ಸಿಗ್ಸೋಕೆ ಮೆಕ್ಯಾನಿಕ್ ಯಾಕವ್ವಾ ಬೇಕು? ಲೈನ್‌ಮನ್ ಸಾಕು" ಅಂದ ಮಗ.

ಆ ವರ್ಷ ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನ ಕೊಡಲು ತಾನು ಹೋಗಲಿಲ್ಲ. ಅಮ್ಮನ ಕೈಲಿ ಕಳಿಸಿದ. ಸೀರೆಯನ್ನಂತೂ ಒಳ್ಳೆಯದೇ ತಂದಿದ್ದ. ಅದರಲ್ಲಿ ಕಡಿಮೆ ಮಾಡಿದರೆ ಜನ ಏನಂದಾರು.

ಆದರೆ ಯಾವ ಗಾಡಿ ಹೋದರೂ ಒಂದು ಹೋಗಬಾರದು ಅಂತ ಅವನ ಹಟ. ಅದು ಅಜ್ಜಂಪುರದ ಯಶೋದಾ ಡಾಕ್ಟ್ರಮ್ಮನ ಜೀಪು. ಯಶೋದಾ ಕುರಿ ಡಾಕ್ಟರು. ಯಗಟಿ ಸುತ್ತಿನ ಹಳ್ಳಿಗಳಲ್ಲಿ ಕುರಿಗೆ ಇಂಜೆಕ್ಷನ್ ಹಾಕಬೇಕೆಂದರೆ ರೊಪ್ಪದ ಬೇಲಿ ತೆರೆದು ಮಂದೆ ಬಿಡುವುದರೊಳಗೆ ಅಲ್ಲಿರಬೇಕು. ಬಿಟ್ಟರೆ ಮುಗಿಯಿತು, ಇನ್ನೂರು ಕುರಿಯನ್ನು ಬಯಲಲ್ಲಿ ಹಿಡಿಯೋರ್ಯಾರು? ಅದಕ್ಕೇ ಬೆಳಗಿನ ಐದಕ್ಕೆಲ್ಲ ಹೊರಡುತ್ತಿದ್ದಳು. ಹಳೇ ಪೆಟ್ರೋಲ್ ಜೀಪು ಅದು. ಪ್ಲಗ್ಗುಗಳಿಗೆ ಕಿಡಿ ಹಂಚುವ ಹಳೇ ಕಾಲದ ಡಿಸ್ಟ್ರಿಬ್ಯೂಟರೂ ಅದರಲ್ಲಿತ್ತು. ಆ ಕಿಡಿ ಯಾವ ಕ್ಷಣಕ್ಕೆ ಹಾರಬೇಕೆಂದು ಲೆಕ್ಕ ಹಾಕುವ ಹೊಸ ಕಾಲದ ಇಸಿಯು ಡಬ್ಬಿಯೂ ಇತ್ತು. ಹದಿನಾಲ್ಕು ವರ್ಷದಿಂದ ಅದರ ಬಾನೆಟ್ಟು ಎತ್ತಿದವನು ಭೈರೇಶ ಒಬ್ಬನೇ. "ನಮ್ ಡಾಕ್ಟ್ರಮ್ಮನ ಗಾಡಿ" ಅಂತ ಬಂದವರಿಗೆಲ್ಲ ಹೇಳುತ್ತಿದ್ದ.

ಬೇಸಿಗೆಯಲ್ಲಿ ಡಾಕ್ಟ್ರಮ್ಮ ಒಂದು ದೂರು ತಂದಳು: ಬಿಸಿಲಲ್ಲಿ ಏರು ಹತ್ತುವಾಗ ಇಂಜಿನ್ನು ಟಿಕ್ ಟಿಕ್ ಅಂತದೆ. ಭೈರೇಶ ಕಿವಿ ಕೊಟ್ಟ, ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ ಒಂದಿಷ್ಟು ಹಿಂದಕ್ಕೆ ತಿರುಗಿಸಿದ, ಸದ್ದು ಹೋಯಿತು. ಎಲ್ಲರೂ ಖುಷಿ.

ಡಿಸೆಂಬರ್ ಬಂತು, ಚಳಿ ಬಂತು. ಬೆಳಿಗ್ಗೆ ಜೀಪು ಸ್ಟಾರ್ಟಾಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಉಸಿರು ಕಟ್ಟಿದ ಹಾಗೆ ತಡವರಿಸಿ ನಿಂತುಹೋಗುತ್ತದೆ. ಐದಾರು ಸಲ ಹೀಗೆ ಸತ್ತು ಬದುಕಿ, ಬಿಸಿಯಾದ ಮೇಲೆ ಸಾಧು ಹಸು. ಅಜ್ಜಂಪುರದಿಂದ ಕಡೂರಿಗೆ ಬರುವ ಹೊತ್ತಿಗೆ ಇಂಜಿನ್ನು ಬಿಸಿ; ರೋಗವೇ ಇಲ್ಲ. ಭೈರೇಶ ಕಿವಿ ಕೊಟ್ಟು, ಮತ್ತೆ ಡಿಸ್ಟ್ರಿಬ್ಯೂಟರು ತಿರುಗಿಸಿ, "ಈಗ ನೋಡಿ, ವೀಣೆ!" ಅನ್ನುತ್ತಿದ್ದ. ಮಾರನೆ ದಿನ ಇನ್ನೂ ಹೆಚ್ಚು ಕೆಮ್ಮು.

ಮೂರನೇ ಸಲ ಬಂದಾಗ ಡಾಕ್ಟ್ರಮ್ಮ ಮೆಲ್ಲಗೆ ಕೇಳಿದಳು: "ಭೈರೇಶಣ್ಣ, ಬೇಜಾರಾಗ್ಬೇಡಿ. ತರೀಕೆರೇಲಿ ನಿಮ್ಮ ತಂಗಿ ಹತ್ರ ಒಂದ್ಸಲ ತೋರಿಸ್ಲಾ?"

ಲಗೇಜ್ ಆಟೋದ ತಿಪ್ಪೇಶ ಅಲ್ಲೇ ಟೀ ಕುಡಿಯುತ್ತಾ ನಿಂತಿದ್ದ. "ತೋರ್ಸಿ ಡಾಕ್ಟ್ರಮ್ಮ. ಅಣ್ಣಂದು ಕಿವಿ, ತಂಗೀದು ಕಣ್ಣು. ಈಗೇನಿದ್ರೂ ಕಣ್ಣಿನ ಕಾಲ ಕಣ್ರೀ" ಅಂದ.

ಭೈರೇಶನ ಬಾಯಿ ತಾನಾಗಿ ತೆರೆಯಿತು. "ತೋರ್ಸಿ, ಬೇಡ ಅನ್ನಲ್ಲ. ಆದ್ರೆ ಹೋದ ತಿಂಗಳು ಯಾರದೋ ಗಾಡಿಗೆ ಅದೇನೋ ಚುಚ್ಚಿ ಇಸಿಯುನೇ ಸುಟ್ಟಾಕಿದ್ಲು. ಹೊಗೆ ಬಂತಂತೆ. ನನ್ ತಂಗೀನೇ, ನಾನ್ಯಾಕೆ ಸುಳ್ಳು ಹೇಳ್ಲಿ?"

ಸುಟ್ಟ ಗಾಡಿ ಯಾವುದೂ ಇರಲಿಲ್ಲ. ಆದರೆ ಸ್ವಂತ ಅಣ್ಣ ಹೇಳಿದ ಮೇಲೆ ನಂಬದವರ್ಯಾರು? ಡಾಕ್ಟ್ರಮ್ಮ ಸುಮ್ಮನಾದಳು. ತಿಪ್ಪೇಶ ಸುಮ್ಮನಾಗಲಿಲ್ಲ, ಅವನ ಆಟೋ ವಾರಕ್ಕೆ ಎರಡು ಸಲ ತರೀಕೆರೆಗೂ ಹೋಗುತ್ತದೆ.

ರೋಗವನ್ನು ಕಣ್ಣಾರೆ ನೋಡಿಯೇ ಬಿಡೋಣ ಅಂತ ಭೈರೇಶ ಒಂದು ಸಂಜೆ ಅಜ್ಜಂಪುರಕ್ಕೆ ಹೋಗಿ ಪರಿಚಯದವರ ಮನೆಯಲ್ಲಿ ಮಲಗಿದ್ದು, ಬೆಳಿಗ್ಗೆ ಐದಕ್ಕೆ ಜೀಪಿನ ಮುಂದೆ ನಿಂತ. ಮಂಜು. ಬಾನೆಟ್ಟು ಮುಟ್ಟಿದರೆ ಕೈ ಜುಂ ಅಂತು. ಡಾಕ್ಟ್ರಮ್ಮ ಕೀ ತಿರುಗಿಸಿದಳು, ಇಂಜಿನ್ನು ಎದ್ದಿತು, ಕಾಲು ಒತ್ತಿದಳು, ಹುಕ್ಕೆಂದು ಕೆಮ್ಮಿ ಸತ್ತಿತು. ಅವನು ಸ್ಕ್ರೂಡ್ರೈವರು ಕಿವಿಗೆ ಒತ್ತಿದ. ಮತ್ತೊಮ್ಮೆ. ಇನ್ನೊಮ್ಮೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲನೆ ಸಲ ಇಂಜಿನ್ನು ಅವನಿಗೆ ಏನೂ ಹೇಳಲಿಲ್ಲ.

ಅಷ್ಟರಲ್ಲಿ ಯಗಟಿಯಿಂದ ಫೋನು. ಡಾಕ್ಟ್ರಮ್ಮ ಮಾತಾಡಿ ಜೇಬಿಗಿಟ್ಟುಕೊಂಡಳು. "ಕುರಿ ಬಿಟ್ರಂತೆ. ಈ ವಾರದಲ್ಲಿ ಎರಡನೇ ಸಲ. ನಿಮ್ಮ ಕೈಲಿ ಆಗ್ತಿಲ್ಲ, ನಿಮ್ಮ ತಂಗಿ ಹತ್ರ ಹೋದ್ರೆ ಸುಡ್ತಾಳೆ ಅಂತೀರಿ. ಮಾರಿಬಿಡ್ತೀನಿ ಭೈರೇಶಣ್ಣ, ನನಗೂ ಸಾಕಾಯ್ತು."

"ಎರಡು ದಿನ ಕೊಡಿ ಡಾಕ್ಟ್ರಮ್ಮ" ಅಂದ ಭೈರೇಶ.

ಜೀಪು ತಗೊಂಡು ಹೊರಟವನು ಕಡೂರಿನ ದಾರಿ ಹಿಡಿಯಲಿಲ್ಲ. ತರೀಕೆರೆಯ ದಾರಿ ಹಿಡಿದ. ಒಳ್ಳೇ ಬುದ್ಧಿ ಬಂತು ಅನ್ಕೋಬೇಡಿ. ದಾರಿಯುದ್ದಕ್ಕೂ ಅವನು ಬೇಡಿಕೊಂಡಿದ್ದು ಒಂದೇ: ಅವಳ ಕೈಲೂ ಆಗದಿರಲಿ. ಆಗದಿದ್ದರೆ ಜೀಪು ಹೋಗಲಿ ಬಿಡು, ಇಬ್ಬರಿಗೂ ಇಲ್ಲ.

ಪ್ರಜ್ಞಾ ಅಣ್ಣನನ್ನು ನೋಡಿ ಕೈ ಒರೆಸಿಕೊಂಡು ಬಂದಳು. ಕಾಫಿ ಕೊಟ್ಟಳು. ಜೀಪಿನ ಕಥೆ ಕೇಳಿಸಿಕೊಂಡಳು. ಬಾನೆಟ್ಟು ಮಾತ್ರ ಎತ್ತಲಿಲ್ಲ. "ಬಿಸಿ ಇದೆ ಅಣ್ಣ. ನಾಳೆ ಬೆಳಿಗ್ಗೆ ನೋಡನ."

"ತಣ್ಣಗಿದ್ದಾಗ್ಲೂ ನಾನು ಕಿವಿ ಕೊಟ್ಟು ನೋಡ್ದೆ ಕಣೆ. ಏನೂ ಸಿಗಲ್ಲ."

"ರೋಗ ಇರೋದೇ ತಣ್ಣಗಿದ್ದಾಗ ಅಲ್ವಾ? ಬಿಸಿ ಮಾಡ್ಕೊಂಡು ಹುಡುಕಿದ್ರೆ ಸಿಗ್ತದಾ?"

ಮೂರು ಸಲ ಬಿಸಿ ಇಂಜಿನ್ನಿಗೇ ಕಿವಿ ಕೊಟ್ಟ ಮೇಲೆ ತನಗೆ ಹೊಳೆದದ್ದು ಇವಳಿಗೆ ಕೇಳಿದ ಕೂಡಲೇ ಹೊಳೆಯಿತಲ್ಲ ಅಂತ ಅವನು ರಾತ್ರಿ ಅರ್ಧ ರಾಗಿಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದ.

ಬೆಳಿಗ್ಗೆ ಅವಳು ವೈರು ಸಿಗಿಸಿದಳು. ಇಂಜಿನ್ನಿನ ನೀರಿನ ಶಾಖ ಹದಿನಾಲ್ಕು ಡಿಗ್ರಿ ಅಂತ ತೋರಿಸಿತು. ಆ ಸೆನ್ಸರು ಸರಿಯಿದೆ ಅಂದಳು. ಸ್ಟಾರ್ಟ್ ಮಾಡಿ ಒತ್ತಿದಳು, ಕೆಮ್ಮಿ ಸತ್ತಿತು. ಭೈರೇಶನ ಮುಖದಲ್ಲಿ ಸಣ್ಣ ನಗು. ಅವಳು ಇಂಜಿನ್ನನ್ನು ಬಿಸಿಯಾಗಲು ಬಿಟ್ಟಳು. ಆಮೇಲೆ ಬ್ಯಾಟರಿ ಪಕ್ಕ ಮುಚ್ಚಳ ಹಾಕಿದ್ದ ಒಂದು ಪುಟ್ಟ ಕನೆಕ್ಟರು ತೆರೆದು, ಅದರ ಎರಡು ತೂತುಗಳಿಗೆ ಗೇಣುದ್ದದ ತಂತಿ ತುರುಕಿದಳು.

ವೀಣೆಯ ಹಾಗಿದ್ದ ಇಂಜಿನ್ನು ತಟ್ಟನೆ ದನಿ ಬದಲಿಸಿತು. ಗರಗರ ಅಂತು. ಮುಗ್ಗರಿಸಿತು.

"ಏನೇ ಮಾಡ್ದೆ? ಹಾಳ್ಮಾಡಿದ್ಯಲ್ಲೇ!"

"ನಾನೇನೂ ಮಾಡಿಲ್ಲ ಅಣ್ಣ. ಇದೇ ಅದರ ನಿಜವಾದ ದನಿ. ಇಷ್ಟು ದಿನ ಡಬ್ಬಿ ಅದನ್ನ ಮುಚ್ಚಿಡ್ತಿತ್ತು." ಅವಳು ಟೈಮಿಂಗ್ ಲೈಟು ಹಿಡಿದಳು, ಆ ಬೆಳಕಿನ ಮಿಣುಕಿನಲ್ಲಿ ತಿರುಗುವ ಚಕ್ರದ ಗೀಟು ನಿಂತ ಹಾಗೆ ಕಾಣುತ್ತದೆ. ಗೀಟು ಇರಬೇಕಾದ ಜಾಗಕ್ಕಿಂತ ಬಹಳ ಹಿಂದೆ ಇತ್ತು. "ನೀನು ಡಿಸ್ಟ್ರಿಬ್ಯೂಟರು ತಿರುಗಿಸ್ದಾಗೆಲ್ಲ ಇಸಿಯು ತನ್ನ ಕಡೆಯಿಂದ ಕಿಡೀನೂ ಗಾಳೀನೂ ಹೊಂದಿಸ್ಕೊಂಡು ಸದ್ದನ್ನ ನಯ ಮಾಡ್ತಿತ್ತು. ಈ ತಂತಿ ಹಾಕಿದ್ರೆ ಮಾತ್ರ ಅದು ಕೈಕಟ್ಟಿ ಕೂರೋದು. ಆಗ ಮೂಲ ಟೈಮಿಂಗ್ ಇಡ್ಬೇಕು. ಚಳೀಲಿ ಕಿಡಿನ ಎಷ್ಟು ಮುಂಚೆ ಹಾರಿಸ್ಬೇಕು ಅಂತ ಅದಕ್ಕೆ ಗೊತ್ತು. ಆದ್ರೆ ಅದು ಲೆಕ್ಕ ಶುರು ಮಾಡೋದು ನೀನಿಟ್ಟ ಜಾಗದಿಂದ. ಬುಡವೇ ಹಿಂದಿದ್ರೆ ಅದೇನ್ ಮಾಡೀತು?"

ಗೀಟನ್ನು ಜಾಗಕ್ಕೆ ತಂದು ಬೋಲ್ಟು ಬಿಗಿದು ತಂತಿ ಕಿತ್ತಳು. ಹತ್ತು ನಿಮಿಷವೂ ಹಿಡಿಯಲಿಲ್ಲ. ಇಷ್ಟು ವರ್ಷದಲ್ಲಿ ಇಂಥ ಎಷ್ಟು ಗಾಡಿಗಳಲ್ಲಿ ನಾನು ಡಬ್ಬಿಯ ನಯಮಾತಿಗೆ ತಲೆದೂಗಿದ್ದೆನೋ ಅಂತ ಭೈರೇಶನಿಗೆ ಅನ್ನಿಸಿತು. ಅದಕ್ಕಿಂತ ಮೊದಲು ಅನ್ನಿಸಿದ್ದು: ಇವಳಿಗೆ ಮೊದಲ ಸ್ಪ್ಯಾನರು ಯಾಕಾದರೂ ಕೊಟ್ಟೆನೋ.

ಆದರೆ ಸರಿಯಾಗಿದೆಯಾ ಅಂತ ತಿಳಿಯಲು ಇಂಜಿನ್ನು ಮತ್ತೆ ತಣ್ಣಗಾಗಬೇಕು. ಇನ್ನೊಂದು ಬೆಳಗು ಕಾಯಬೇಕು. ಮಧ್ಯಾಹ್ನ ಅವಳು ಪ್ಲಗ್ಗು ಬದಲಿಸಿ, ಒಳಗೆ ಕಟ್ಟಿದ್ದ ಕರಿ ತೆಗೆದಳು; ಬೇಸಿಗೆಯ ಟಿಕ್ ಟಿಕ್‌ಗೆ ಅದೇ ಕಾರಣವಾಗಿತ್ತಂತೆ. ಭೈರೇಶ ಸ್ಟೂಲಿನ ಮೇಲೆ ಕೂತು ಅವಳ ಕೈಯನ್ನೇ ನೋಡುತ್ತಿದ್ದ. ತಪ್ಪು ಹುಡುಕುತ್ತಿದ್ದ. ಸಿಗಲಿಲ್ಲ.

ಆ ಹೊತ್ತಿಗೆ ಒಬ್ಬ ಯಜಮಾನರು ಬಂದರು. ಹಿಂದಿನ ದಿನ ಬಿಟ್ಟುಹೋಗಿದ್ದ ಕಾರಿನ ಕೀ ವಾಪಸ್ ಕೇಳಿದರು. "ಕೆಲಸ ಇನ್ನೂ ಮುಗಿದಿಲ್ವಲ್ಲ ಸಾರ್" ಅಂದಳು ಪ್ರಜ್ಞಾ.

"ಇರ್ಲಿ ಬಿಡಮ್ಮ. ಯಾರದೋ ಗಾಡಿ ಸುಟ್ಟೆಯಂತಲ್ಲ... ನಮಗ್ಯಾಕೆ ರಿಸ್ಕು?"

ಕಾರು ಹೋದ ಮೇಲೆ ಅವಳು ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಳು. ಇವನ ಕಡೆ ನೋಡಲಿಲ್ಲ. "ಹಿಂಗೆ ವಾಪಸ್ ಹೋಗಿದ್ರಲ್ಲಿ ನಾಲ್ಕನೇದು ಇದು" ಅಂದಳು. "ಯಾವ ಗಾಡಿ ಅಣ್ಣ ನಾನು ಸುಟ್ಟಿದ್ದು? ನಂಬರ್ ಹೇಳು. ಬಂದೋರಿಗೆ ಹೇಳೋಕಾದ್ರೂ ಬೇಕಲ್ಲ."

ಭೈರೇಶ ಬಗ್ಗಿ, ಅವಳು ತೆಗೆದಿಟ್ಟ ಹಳೇ ಪ್ಲಗ್ಗೊಂದನ್ನು ಎತ್ತಿಕೊಂಡ.

"ತಿಪ್ಪೇಶಣ್ಣ ಹೇಳ್ದಾಗ ನಾನು ನಂಬ್ಲಿಲ್ಲ. ನಮ್ಮಣ್ಣ ಹಂಗನ್ನಲ್ಲ ಅಂತ ಅವನ ಜೊತೆ ಜಗಳ ಆಡ್ದೆ. ಬೆಳಗ್ಗೆಯಿಂದ ನಿನ್ನ ಮುಖ ನೋಡ್ತಿದೀನಿ. ಗಾಡಿ ರೆಡಿಯಾದಷ್ಟೂ ನಿನ್ ಮುಖ ಸಣ್ಣ ಆಗ್ತಿದೆ."

ಕ್ಷಮಿಸು ಅನ್ನುವ ಮಾತು ಅವರ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ. ಭೈರೇಶ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ.

ಮಾರನೆ ಬೆಳಿಗ್ಗೆ ಅವನೇ ಕೀ ತಿರುಗಿಸಿದ. ಚಳಿ ಹಿಂದಿನ ದಿನಕ್ಕಿಂತ ಜೋರಾಗಿತ್ತು. ಇಂಜಿನ್ನು ಎದ್ದಿತು, ಒತ್ತಿದ ಕಾಲಿನ ಜೊತೆಗೇ ಏರಿತು. ತಡವರಿಸಲಿಲ್ಲ. ಖುಷಿಯಾಗಬೇಕಿತ್ತು. ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು.

ಅಜ್ಜಂಪುರದ ಮನೆ ಮುಂದೆ ಜೀಪು ನಿಂತಾಗ ಡಾಕ್ಟ್ರಮ್ಮ ಓಡಿ ಬಂದಳು. ಯಾರು ಸರಿ ಮಾಡಿದ್ದೆಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆ ದಿನ ಅಲ್ಲೇ ನಿಲ್ಲಿಸಿಕೊಂಡು, ಮರುದಿನ ಬೆಳಿಗ್ಗೆ ಐದಕ್ಕೆ ಹೊರಟು, ಯಗಟಿಯ ರೊಪ್ಪದ ಬಾಗಿಲು ತೆರೆಯುವ ಮೊದಲೇ ತಲುಪಿದಳು. ಬಿಸಿಲೇರಿದ ಮೇಲೆ ಕಡೂರಿನ ಗ್ಯಾರೇಜಿಗೇ ಬಂದಳು, ಕೈಯಲ್ಲಿ ಕುರಿಯವರು ಕೊಟ್ಟ ಎಳನೀರು. "ಭೈರೇಶಣ್ಣ, ಸುಮ್ನೆ ಹೇಳಲ್ಲ ಜನ. ಕಿವಿ ಅಂದ್ರೆ ನಿಮ್ದೇ ಕಿವಿ! ಬೇರೆಯವರ ಕೈಗೆ ಕೊಡೋ ಮಾತೇ ಇಲ್ಲ ಇನ್ನು."

ತಿಪ್ಪೇಶನೂ ಅಲ್ಲೇ ಇದ್ದ. ಸುಮ್ಮನೆ ನಕ್ಕುಬಿಟ್ಟಿದ್ದರೆ ಆಗುತ್ತಿತ್ತು. ಜೀಪು ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ಭೈರೇಶ ನಗಲು ಬಾಯಿಯನ್ನೂ ತೆರೆದ.

"ನಾನಲ್ಲ" ಅಂದ. "ಪ್ರಜ್ಞಾ ಮಾಡಿದ್ದು. ಕೆಡಿಸಿದ್ದು ನಾನು, ಬೇಸಿಗೇಲಿ. ಆ ಸುಟ್ಟ ಗಾಡಿ ಸುಳ್ಳು. ಯಾವುದೂ ಸುಟ್ಟಿಲ್ಲ. ಲೇ ತಿಪ್ಪೇಶಾ, ಇದನ್ನೂ ಹಂಗೇ ಊರೆಲ್ಲ ಹೇಳೋ, ಅದನ್ನ ಹೇಳಿದಷ್ಟೇ ಜೋರಾಗಿ."

ತಿಪ್ಪೇಶನ ಬಾಯಲ್ಲಿ ಟೀ ಹಾಗೇ ನಿಂತಿತು. ಡಾಕ್ಟ್ರಮ್ಮ ಎಳನೀರನ್ನು ಬೆಂಚಿನ ಮೇಲಿಟ್ಟಳು. "ಹದಿನಾಲ್ಕು ವರ್ಷ ನಿಮ್ಮ ಮಾತು ನಂಬ್ದೆ ನಾನು" ಅಂದಳು. ಆಮೇಲೆ ಫೋನು ತೆಗೆದಳು. "ನಿಮ್ಮ ತಂಗಿ ನಂಬರ್ ಕೊಡಿ. ಇನ್ಮೇಲೆ ಅಲ್ಲಿಗೇ ಬಿಡ್ತೀನಿ."

ಭೈರೇಶನಿಗೆ ನಂಬರು ಬಾಯಿಪಾಠವಿತ್ತು. ಒಂದೊಂದೇ ಅಂಕಿ ಹೇಳಿದ. ಒಂಬತ್ತು ಬಂದವು. ಹತ್ತನೆಯದಕ್ಕೆ ನಿಲ್ಲಿಸಿದ.

"ಕೊನೇದು?" ಅಂದಳು ಡಾಕ್ಟ್ರಮ್ಮ.

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟು ಅದನ್ನೂ ಹೇಳಿದ.